ಬಿಸಿನೆಸ್ ಬದಲಾವಣೆಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಫ್ರೇಮ್‌ವರ್ಕ್: ಎಲ್ಲಿಂದ ಶುರು ಮಾಡಬೇಕು, ಎಷ್ಟು ಸಾಕು, ಎಲ್ಲಿ ಎಡವುತ್ತಾರೆ

"ಟೋಗಾಫ್ ತಗೊಳ್ಳೋದಾ, ಝಾಕ್‌ಮನ್ ತಗೊಳ್ಳೋದಾ?" ದೊಡ್ಡ ಬದಲಾವಣೆಗೆ ಕೈ ಹಾಕಿದ ಸಂಸ್ಥೆಗಳಲ್ಲಿ ಕೆಲಸ ಮಾಡುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎರಡೂ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಫ್ರೇಮ್‌ವರ್ಕ್‌ಗಳು, ಅಂದರೆ ಸಂಸ್ಥೆಯ ಕೆಲಸವನ್ನೂ ತಂತ್ರಾಂಶಗಳನ್ನೂ ಒಟ್ಟಾಗಿ ಚಿತ್ರಿಸಿ ನೋಡಲು ಇರುವ ಸಿದ್ಧ ಚೌಕಟ್ಟುಗಳು. ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: "ತಿಂಗಳುಗಟ್ಟಲೆ ಚಿತ್ರ ಬರೆದಿದ್ದೇವೆ, ಇದರಿಂದ ಏನಾಯಿತು ಅಂತ ಮೇಲಿನವರು ಕೇಳಿದರೆ ಏನು ಹೇಳೋದು?" ಎರಡಕ್ಕೂ ಉತ್ತರ ಒಂದೇ. ಫ್ರೇಮ್‌ವರ್ಕ್‌ನಲ್ಲಿರುವ ಖಾನೆಗಳನ್ನೆಲ್ಲ ತುಂಬಲು ಹೊರಟರೆ ಕೆಲಸ ಎಂದಿಗೂ ಮುಗಿಯುವುದಿಲ್ಲ. ಮುಂದಿನ ಒಂದು ವರ್ಷದಲ್ಲಿ ತೆಗೆದುಕೊಳ್ಳಲೇಬೇಕಾದ ನಿರ್ಧಾರಗಳನ್ನು ಮೊದಲು ಬರೆದಿಟ್ಟು, ಅವಕ್ಕೆ ಬೇಕಾದಷ್ಟನ್ನು ಮಾತ್ರ ಫ್ರೇಮ್‌ವರ್ಕ್‌ನಿಂದ ಎತ್ತಿಕೊಳ್ಳಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಸಂಸ್ಥೆ ಮಾಡುವ ಕೆಲಸ, ಆ ಕೆಲಸಕ್ಕೆ ಬೇಕಾದ ಮಾಹಿತಿ, ಮಾಹಿತಿಯನ್ನು ನಿಭಾಯಿಸುವ ತಂತ್ರಾಂಶ, ತಂತ್ರಾಂಶ ಓಡುವ ಯಂತ್ರ ಮತ್ತು ಜಾಲ: ಈ ನಾಲ್ಕು ಪದರಗಳೂ ಅವುಗಳ ನಡುವಿನ ಕೊಂಡಿಗಳೂ ಸೇರಿ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಇದರಲ್ಲಿ ಕೊಂಡಿಗಳೇ ಮುಖ್ಯ. ಒಂದು ತಂತ್ರಾಂಶವನ್ನು ಕಿತ್ತರೆ ಯಾವ ಕೆಲಸ ನಿಲ್ಲುತ್ತದೆ ಎಂದು ಹೇಳಲಾಗದ ಪಟ್ಟಿ ಎಷ್ಟು ಉದ್ದವಿದ್ದರೂ ಉಪಯೋಗವಿಲ್ಲ.

ಯಾವ ಫ್ರೇಮ್‌ವರ್ಕ್ ಯಾವುದಕ್ಕೆ

ಜಾನ್ ಝಾಕ್‌ಮನ್ 1987ರಲ್ಲಿ ಐಬಿಎಂ ಸಿಸ್ಟಮ್ಸ್ ಜರ್ನಲ್‌ನಲ್ಲಿ ಪ್ರಕಟಿಸಿದ ಚೌಕಟ್ಟು ಇಂದು ಆರು ಕಂಬ, ಆರು ಸಾಲುಗಳ ಕೋಷ್ಟಕವಾಗಿದೆ. ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ ಎಂಬ ಪ್ರಶ್ನೆಗಳು ಕಂಬಗಳಲ್ಲಿ, ಯಾರ ದೃಷ್ಟಿಯಿಂದ ನೋಡುತ್ತಿದ್ದೇವೆ ಎಂಬುದು ಸಾಲುಗಳಲ್ಲಿ. ಇದು ವಿಂಗಡಣೆಯ ಚೌಕಟ್ಟು. ಸೋಮವಾರ ಬೆಳಿಗ್ಗೆ ಏನು ಮಾಡಬೇಕೆಂದು ಇದು ಹೇಳುವುದಿಲ್ಲ.

ಅದನ್ನು ಹೇಳುವುದು ಟೋಗಾಫ್. ಅಮೆರಿಕದ ರಕ್ಷಣಾ ಇಲಾಖೆಯ ಟಾಫಿಮ್ ಎಂಬ ಚೌಕಟ್ಟನ್ನು ಆಧರಿಸಿ ದಿ ಓಪನ್ ಗ್ರೂಪ್ ಒಕ್ಕೂಟ 1995ರಲ್ಲಿ ಇದರ ಮೊದಲ ಆವೃತ್ತಿಯನ್ನು ತಂದಿತು. ಹತ್ತನೆಯ ಆವೃತ್ತಿ 2022ರಲ್ಲಿ ಬಂತು. ಇದರ ತಿರುಳು ಎಡಿಎಂ (ಆರ್ಕಿಟೆಕ್ಚರ್ ಡೆವಲಪ್‌ಮೆಂಟ್ ಮೆಥಡ್) ಎಂಬ ವಿಧಾನ: ಪೂರ್ವಸಿದ್ಧತೆಯ ಒಂದು ಹಂತ, ಆಮೇಲೆ ಎ ಇಂದ ಎಚ್‌ವರೆಗೆ ಎಂಟು ಹಂತಗಳು, ನಡುಮಧ್ಯದಲ್ಲಿ ಸದಾ ನಡೆಯುವ ಅಗತ್ಯಗಳ ನಿರ್ವಹಣೆ. ಅದೇ ಒಕ್ಕೂಟದ ಆರ್ಕಿಮೇಟ್ ಎಂಬುದು ಚಿತ್ರ ಬರೆಯುವ ಸಂಕೇತಭಾಷೆ.

ಹಾಗಾಗಿ "ಇದಾ, ಅದಾ" ಎಂದು ಕೇಳಬೇಕಿಲ್ಲ. ಕೆಲಸದ ಕ್ರಮಕ್ಕೆ ಎಡಿಎಂ, ಚಿತ್ರಕ್ಕೆ ಆರ್ಕಿಮೇಟ್, ಏನಾದರೂ ಬಿಟ್ಟುಹೋಯಿತೇ ಎಂದು ಕೊನೆಯಲ್ಲೊಮ್ಮೆ ನೋಡಿಕೊಳ್ಳಲು ಝಾಕ್‌ಮನ್ ಕೋಷ್ಟಕ. ಅಮೆರಿಕದ ಸರ್ಕಾರಿ ಅಥವಾ ರಕ್ಷಣಾ ಯೋಜನೆಗಳಲ್ಲಿ ಇಲ್ಲದವರು ಅವುಗಳಿಗೆಂದೇ ಇರುವ ಫೀಫ್, ಡೊಡಾಫ್ ಚೌಕಟ್ಟುಗಳ ಗೋಜಿಗೆ ಹೋಗಬೇಕಿಲ್ಲ. ಟೋಗಾಫ್‌ನ ಹಂತಗಳನ್ನು ನಿಮ್ಮ ಅಗತ್ಯಕ್ಕೆ ಕತ್ತರಿಸಿಕೊಳ್ಳಬಹುದು, ಹಾಗೆ ಮಾಡಿ ಎಂದು ಅದೇ ಹೇಳುತ್ತದೆ. ಕತ್ತರಿಸದೆ ಬಳಸುವುದೇ ತಪ್ಪು ಬಳಕೆ.

ಶುರು ಮಾಡುವ ಮುಂಚೆ ಏನೇನು ಬೇಕು

ಹಣ ಮಂಜೂರು ಮಾಡುವ ಅಧಿಕಾರವಿರುವ ಒಬ್ಬ ಪ್ರಾಯೋಜಕರು. ಪೂರ್ಣಾವಧಿಗೆ ಒಬ್ಬ ಆರ್ಕಿಟೆಕ್ಟ್. ವಾರಕ್ಕೆ ಎರಡು ದಿನವಾದರೂ ಸಿಗುವ ಮೂವರು: ದಿನನಿತ್ಯದ ಕೆಲಸ ಬಲ್ಲವರು ಒಬ್ಬರು, ಡೇಟಾ ಬಲ್ಲವರು ಒಬ್ಬರು, ಹಣಕಾಸು ವಿಭಾಗದಿಂದ ಒಬ್ಬರು. ಹಣಕಾಸಿನವರನ್ನು ಬಿಟ್ಟರೆ ಕೊನೆಗೆ ಕೈಯಲ್ಲಿ ಚಿತ್ರ ಉಳಿಯುತ್ತದೆ, ಬಜೆಟ್ ಇರುವುದಿಲ್ಲ. ಉಪಕರಣಕ್ಕೆ ಸ್ಪ್ರೆಡ್‌ಶೀಟ್ ಮತ್ತು ಆರ್ಕಿಮೇಟ್ ಚಿತ್ರ ಬರೆಯಲು ಉಚಿತವಾಗಿ ಸಿಗುವ ಆರ್ಕಿ ತಂತ್ರಾಂಶ ಸಾಕು. ನಿಮ್ಮ ಅಪ್ಲಿಕೇಶನ್ ಪಟ್ಟಿ ಇನ್ನೂರು ದಾಟುವವರೆಗೆ ಪಟ್ಟಿ, ಚಿತ್ರಗಳನ್ನೆಲ್ಲ ಒಂದೆಡೆ ಇಡುವ ದುಬಾರಿ ರೆಪಾಸಿಟರಿ ಉಪಕರಣ ಕೊಳ್ಳಬೇಡಿ. ಕೊಂಡರೆ ಮೊದಲ ಮೂರು ತಿಂಗಳು ಅದರ ಜೋಡಣೆಯಲ್ಲೇ ಕಳೆಯುತ್ತದೆ. ಸಂಸ್ಥೆಯ ಒಂದು ಭಾಗಕ್ಕೆ ಸೀಮಿತವಾದರೆ ಒಂದನೆಯ ಹಂತದಿಂದ ಆರನೆಯ ಹಂತದವರೆಗೆ ಹತ್ತರಿಂದ ಹದಿನಾಲ್ಕು ವಾರ ಹಿಡಿಯುತ್ತದೆ.

1. ನಿರ್ಧಾರಗಳ ಪಟ್ಟಿ ಮಾಡಿ, ಎಲ್ಲೆ ಹಾಕಿಕೊಳ್ಳಿ

ಪ್ರಾಯೋಜಕರ ಜತೆ ಕೂತು, ಬರುವ ಹನ್ನೆರಡು ತಿಂಗಳಲ್ಲಿ ಅವರು ತೆಗೆದುಕೊಳ್ಳಬೇಕಾದ ಐದರಿಂದ ಎಂಟು ನಿರ್ಧಾರಗಳನ್ನು ಬರೆಸಿಕೊಳ್ಳಿ. "ಡಿಜಿಟಲ್ ಆಗಬೇಕು" ಎಂಬುದು ನಿರ್ಧಾರವಲ್ಲ. "ಹಳೆಯ ಬಿಲ್ಲಿಂಗ್ ತಂತ್ರಾಂಶದ ಕರಾರು ನವೀಕರಿಸಬೇಕೇ, ಬೇಡವೇ" ಎಂಬುದು ನಿರ್ಧಾರ. ಪ್ರತಿಯೊಂದರ ಪಕ್ಕ ಮೂರು ವಿಷಯ ಬರೆಯಿರಿ: ಯಾರು ನಿರ್ಧರಿಸುತ್ತಾರೆ, ಯಾವ ದಿನಾಂಕದೊಳಗೆ, ಏನು ಗೊತ್ತಾದರೆ ನಿರ್ಧರಿಸಬಲ್ಲರು. ಆ ಮೂರನೆಯ ಕಲಮೇ ನಿಮ್ಮ ಇಡೀ ಕೆಲಸದ ಪಟ್ಟಿ. ಮುಂದೆ ಬರೆಯುವ ಪ್ರತಿ ಚಿತ್ರವೂ ಅದರಲ್ಲಿನ ಯಾವುದೋ ಒಂದು ಸಾಲಿಗೆ ಉತ್ತರ ಕೊಡಬೇಕು. ಆರ್ಕಿಟೆಕ್ಚರ್ ವಿವರಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 42010 ಕೂಡ ಇದನ್ನೇ ಕೇಳುತ್ತದೆ: ಈ ನೋಟ ಯಾರಿಗಾಗಿ, ಅವರ ಯಾವ ಕಾಳಜಿಗೆ?

ಆಮೇಲೆ ಎರಡು ಪುಟದ ಕಾರ್ಯಪತ್ರ ಮಾಡಿ. ಟೋಗಾಫ್‌ನಲ್ಲಿ ಇದು ಎ ಹಂತದ ಫಲ. ಯಾವ ವಿಭಾಗಗಳು ಒಳಗೆ, ಯಾವುವು ಹೊರಗೆ, ಎಷ್ಟು ಸಮಯ, ಯಾರ ಸಹಿ. ಹೊರಗಿರುವುದನ್ನು ಹೆಸರಿಸಿಯೇ ಬರೆಯಿರಿ. ಬರೆಯದಿದ್ದರೆ ನಾಲ್ಕನೆಯ ವಾರಕ್ಕೆ "ಸಂಬಳದ ತಂತ್ರಾಂಶವನ್ನೂ ಒಮ್ಮೆ ನೋಡಿಬಿಡಿ" ಎಂಬ ಮಾತು ಬಂದೇ ಬರುತ್ತದೆ.

2. ಸಂಸ್ಥೆ ಹೇಗೆ ನಡೆಯಬೇಕೆಂದು ಒಪ್ಪಿಸಿಕೊಳ್ಳಿ

ಇದನ್ನು ಹಾರಿಸಿ ಹೋದವರು ಐದನೆಯ ಹಂತದಲ್ಲಿ ಜಗಳಕ್ಕೆ ಸಿಕ್ಕುತ್ತಾರೆ. ಎಂಐಟಿಯ ಮಾಹಿತಿ ವ್ಯವಸ್ಥೆಗಳ ಸಂಶೋಧನಾ ಕೇಂದ್ರದವರು ಬೆಳೆಸಿದ ಸರಳ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡೇ ಪ್ರಶ್ನೆ. ವಿಭಾಗಗಳು ಒಂದೇ ಡೇಟಾ ಹಂಚಿಕೊಳ್ಳಬೇಕೇ? ಎಲ್ಲ ವಿಭಾಗಗಳೂ ಒಂದೇ ರೀತಿಯಲ್ಲಿ ಕೆಲಸ ಮಾಡಬೇಕೇ? ಎರಡಕ್ಕೂ ಹೌದು ಎಂದರೆ ಏಕೀಕರಣ. ಎರಡಕ್ಕೂ ಇಲ್ಲ ಎಂದರೆ ವೈವಿಧ್ಯ, ಅಂದರೆ ಪ್ರತಿ ವಿಭಾಗ ತನ್ನ ದಾರಿಯಲ್ಲಿ. ಡೇಟಾ ಒಂದೇ, ಕೆಲಸದ ರೀತಿ ಬೇರೆ ಎಂದರೆ ಸಮನ್ವಯ. ಕೆಲಸದ ರೀತಿ ಒಂದೇ, ಡೇಟಾ ಬೇರೆ ಎಂದರೆ ಪ್ರತಿರೂಪ.

ವಿಭಾಗದ ಮುಖ್ಯಸ್ಥರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಉತ್ತರಗಳನ್ನು ಒಂದೇ ಹಾಳೆಯಲ್ಲಿಟ್ಟು ತೋರಿಸಿ. ಮೇಲಿನವರು ಏಕೀಕರಣ ಬಯಸಿ, ವಿಭಾಗದವರು ವೈವಿಧ್ಯ ಬಯಸುತ್ತಿದ್ದರೆ ಅದು ಈಗಲೇ ಮೇಲೆ ಬರಲಿ. ತಂತ್ರಾಂಶ ಕೊಂಡ ಮೇಲೆ ಬಂದರೆ ಅದು "ನಮ್ಮ ವಿಭಾಗಕ್ಕೆ ಮಾತ್ರ ಸ್ವಲ್ಪ ಬದಲಿಸಿಕೊಡಿ" ಎಂಬ ನೂರಾರು ಬೇಡಿಕೆಗಳಾಗಿ ಬರುತ್ತದೆ, ಪ್ರತಿಯೊಂದಕ್ಕೂ ದುಡ್ಡು ಸುರಿಯಬೇಕಾಗುತ್ತದೆ.

3. ತತ್ವಗಳು ಎಂಟರಿಂದ ಹನ್ನೆರಡು ಇರಲಿ

ಪ್ರತಿ ತತ್ವಕ್ಕೂ ಟೋಗಾಫ್ ಸೂಚಿಸುವ ನಾಲ್ಕು ಭಾಗ: ಹೆಸರು, ಹೇಳಿಕೆ, ಕಾರಣ, ಪರಿಣಾಮ. ನಾಲ್ಕನೆಯದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ತತ್ವಕ್ಕೆ ಬಲ ಬರುವುದು ಮಾತ್ರ ಅದರಿಂದಲೇ. "ಗ್ರಾಹಕರ ದಾಖಲೆ ಒಂದೇ ಕಡೆ ಹುಟ್ಟುತ್ತದೆ" ಎಂಬುದು ಹೇಳಿಕೆಯಾದರೆ, "ಮಾರಾಟ ತಂಡ ತನ್ನದೇ ಪಟ್ಟಿ ಇಟ್ಟುಕೊಳ್ಳುವಂತಿಲ್ಲ, ಕೊಳ್ಳುವ ಪ್ರತಿ ಹೊಸ ತಂತ್ರಾಂಶವೂ ಹೊರಗಿನಿಂದ ಗ್ರಾಹಕರ ದಾಖಲೆ ಪಡೆಯುವಂತಿರಬೇಕು" ಎಂಬುದು ಪರಿಣಾಮ. ತತ್ವವೊಂದನ್ನು ಓದಿ ಯಾರೂ ತಕರಾರು ಎತ್ತದಿದ್ದರೆ ಅದನ್ನು ತೆಗೆದುಹಾಕಿ; ಅದರಿಂದ ಯಾವ ನಿರ್ಧಾರವೂ ಬದಲಾಗುವುದಿಲ್ಲ.

4. ಕೇಪಬಿಲಿಟಿ ಮ್ಯಾಪ್ ಬರೆಯಿರಿ

ಕೇಪಬಿಲಿಟಿ ಎಂದರೆ ಸಂಸ್ಥೆಗೆ ಇರಬೇಕಾದ ಸಾಮರ್ಥ್ಯ. ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂಬುದು ಇದರಲ್ಲಿ ಬರುವುದಿಲ್ಲ, ಏನು ಮಾಡಬಲ್ಲೆವು ಎಂಬುದಷ್ಟೇ. "ಮಾರಾಟ ವಿಭಾಗ" ಎಂದು ಬರೆದರೆ ತಪ್ಪು. "ಬೆಲೆ ನಿಗದಿ", "ಸಾಲಮಿತಿ ನಿರ್ಧಾರ", "ಸರಕು ವಾಪಸಾತಿ" ಎಂದರೆ ಸರಿ. ನಾಳೆ ವಿಭಾಗಗಳನ್ನು ಒಡೆದು ಬೇರೆ ರೀತಿ ಜೋಡಿಸಿದರೂ ಈ ಹೆಸರುಗಳು ಹಾಗೇ ಉಳಿಯಬೇಕು. ಉಳಿಯದಿದ್ದರೆ ನೀವು ಬರೆದದ್ದು ಸಿಬ್ಬಂದಿ ವಿನ್ಯಾಸದ ಪಟ.

ಮೊದಲ ಮಟ್ಟದಲ್ಲಿ ಎಂಟರಿಂದ ಹನ್ನೆರಡು, ಎರಡನೆಯ ಮಟ್ಟದಲ್ಲಿ ಐವತ್ತರಿಂದ ಎಂಬತ್ತು. ಮೂರನೆಯ ಮಟ್ಟಕ್ಕೆ ಇಳಿಯುವುದು ನಿಮ್ಮ ಎಲ್ಲೆಯೊಳಗಿನ ಭಾಗದಲ್ಲಿ ಮಾತ್ರ. ಇಡೀ ನಕ್ಷೆ ಒಂದೇ ಹಾಳೆಯಲ್ಲಿ ಕೂರಬೇಕು.

ನಂತರ ಅಂಕ. ಪ್ರತಿ ಕೇಪಬಿಲಿಟಿಗೂ ಎರಡು: ಸಂಸ್ಥೆಯ ಗುರಿಗೆ ಅದು ಎಷ್ಟು ಮುಖ್ಯ, ಈಗ ಅದು ಎಷ್ಟು ಚೆನ್ನಾಗಿದೆ, ಒಂದರಿಂದ ಐದು. ಬಿಸಿನೆಸ್ ಕಡೆಯವರೂ ಐಟಿ ಕಡೆಯವರೂ ಬೇರೆ ಬೇರೆ ಕೂತು ಅಂಕ ಹಾಕಲಿ. ಎರಡು ಅಂಕ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಕಡೆ ಮಾತ್ರ ಚರ್ಚೆ ಮಾಡಿ. ಗುಟ್ಟೆಲ್ಲ ಅಲ್ಲೇ ಇರುತ್ತದೆ. ಐಟಿಯವರು ನಾಲ್ಕು ಕೊಟ್ಟಿದ್ದಕ್ಕೆ ಬಿಸಿನೆಸ್‌ನವರು ಒಂದು ಕೊಟ್ಟಿದ್ದರೆ, ತಂತ್ರಾಂಶ ಚೆನ್ನಾಗಿ ಓಡುತ್ತಿದೆ, ಅದನ್ನು ಯಾರೂ ಬಳಸುತ್ತಿಲ್ಲ ಎಂದರ್ಥ ಇರಬಹುದು.

ಇಲ್ಲಿನ ಬಲೆ ಎಂದರೆ ಎಲ್ಲವೂ "ಅತಿ ಮುಖ್ಯ" ಆಗುವುದು. ಯಾರೂ ತಮ್ಮ ಕೆಲಸ ಮುಖ್ಯವಲ್ಲ ಎನ್ನುವುದಿಲ್ಲ. ಅದಕ್ಕೆ ಮೊದಲೇ ಕಟ್ಟು ಹಾಕಿ: ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೇಪಬಿಲಿಟಿಗಳಿಗೆ "ಅತಿ ಮುಖ್ಯ" ಸಿಗುವಂತಿಲ್ಲ. ಮುಖ್ಯವೂ ಹೌದು, ಸ್ಥಿತಿಯೂ ಕೆಟ್ಟಿದೆ ಎಂದು ಬಂದ ಆರೇಳು ಕೇಪಬಿಲಿಟಿಗಳಿಂದ ಮುಂದಿನ ಹಂತ ಶುರುವಾಗುತ್ತದೆ.

5. ಈಗಿನ ಸ್ಥಿತಿ, ಗುರಿಯ ಸ್ಥಿತಿ, ನಡುವಿನ ಅಂತರ

ಹೆಚ್ಚು ಸಮಯ ಹಿಡಿಯುವುದೂ ಹೆಚ್ಚು ಜನ ದಾರಿ ತಪ್ಪುವುದೂ ಇಲ್ಲಿ. ಎಡಿಎಂನ ಬಿ, ಸಿ, ಡಿ ಹಂತಗಳು ಇದರಲ್ಲಿ ಸೇರುತ್ತವೆ.

ಈಗಿನ ಸ್ಥಿತಿಯನ್ನು ಆ ಆರೇಳು ಕೇಪಬಿಲಿಟಿಗಳ ಮಟ್ಟಿಗೆ ಮಾತ್ರ ಬರೆಯಿರಿ. ಅಪ್ಲಿಕೇಶನ್ ಪಟ್ಟಿಯಲ್ಲಿ ಈ ಕಲಮುಗಳಿರಲಿ: ಹೆಸರು, ಹೊಣೆಗಾರರು, ಯಾವ ಕೇಪಬಿಲಿಟಿಗೆ, ಯಾವ ಡೇಟಾ ಅಲ್ಲಿ ಹುಟ್ಟುತ್ತದೆ, ಯಾರಿಗೆ ಕೊಡುತ್ತದೆ, ಯಾರಿಂದ ಪಡೆಯುತ್ತದೆ, ವಾರ್ಷಿಕ ವೆಚ್ಚ, ಕರಾರು ಮುಗಿಯುವ ದಿನ, ತಯಾರಕರ ಬೆಂಬಲ ನಿಲ್ಲುವ ದಿನ. ಕರಾರಿನ ದಿನಾಂಕ ಬಿಟ್ಟವರಿಗೆ ಪೆಟ್ಟು ಬೀಳುತ್ತದೆ. ಅನೇಕ ಕರಾರುಗಳು ತಾವಾಗಿಯೇ ನವೀಕರಣಗೊಳ್ಳುತ್ತವೆ, ಬೇಡವೆಂದರೆ ತಿಂಗಳುಗಳ ಮುಂಚೆಯೇ ನೋಟಿಸ್ ಕೊಡಬೇಕು. ಆ ದಿನ ದಾಟಿದರೆ ನಿಮ್ಮ ರೋಡ್‌ಮ್ಯಾಪ್‌ನಲ್ಲಿ "ತೆಗೆದುಹಾಕಿ" ಎಂದಿರುವ ತಂತ್ರಾಂಶಕ್ಕೆ ಮತ್ತೊಂದು ಅವಧಿಯ ಹಣ ಕಟ್ಟಬೇಕಾಗುತ್ತದೆ.

ಪಟ್ಟಿಗೆ ಬಾರದ ಕೊಂಡಿಗಳೂ ಇರುತ್ತವೆ. "ತಿಂಗಳ ಕೊನೆಯಲ್ಲಿ ಯಾರು ಯಾರಿಗೆ ಯಾವ ಫೈಲ್ ಮೇಲ್ ಮಾಡುತ್ತಾರೆ?" ಎಂದು ಲೆಕ್ಕಪತ್ರ ನೋಡುವವರನ್ನು ಕೇಳಿ. ಐಟಿ ವಿಭಾಗಕ್ಕೆ ಗೊತ್ತೇ ಇಲ್ಲದ ಸ್ಪ್ರೆಡ್‌ಶೀಟ್‌ಗಳು ಹೊರಬರುತ್ತವೆ.

ಅಪ್ಲಿಕೇಶನ್‌ಗಳನ್ನು ವಿಂಗಡಿಸಲು ಗಾರ್ಟ್ನರ್ ಸಂಸ್ಥೆಯ ಟೈಮ್ ಮಾದರಿ ಸುಲಭ. ಬಿಸಿನೆಸ್‌ಗೆ ಬೆಲೆಯಿದೆ, ತಾಂತ್ರಿಕವಾಗಿಯೂ ಗಟ್ಟಿಯಿದೆ ಎಂದರೆ ಇನ್ನಷ್ಟು ಹಣ ಹೂಡಿ. ಬೆಲೆಯಿದೆ, ತಾಂತ್ರಿಕವಾಗಿ ಸೊರಗಿದೆ ಎಂದರೆ ಬೇರೆಡೆಗೆ ವಲಸೆ ಮಾಡಿಸಿ. ಗಟ್ಟಿಯಿದೆ, ಬೆಲೆ ಕಡಿಮೆ ಎಂದರೆ ಸಹಿಸಿಕೊಳ್ಳಿ. ಎರಡೂ ಇಲ್ಲದ್ದನ್ನು ತೆಗೆಯಿರಿ.

ಡೇಟಾಕ್ಕೆ ಒಂದು ಕೋಷ್ಟಕ ಸಾಕು. ಸಾಲುಗಳಲ್ಲಿ ಗ್ರಾಹಕ, ಸರಕು, ಬೆಲೆ, ದಾಸ್ತಾನು ಮುಂತಾದವು, ಕಂಬಗಳಲ್ಲಿ ಅಪ್ಲಿಕೇಶನ್‌ಗಳು. ಪ್ರತಿ ಮನೆಯಲ್ಲಿ ಆ ಅಪ್ಲಿಕೇಶನ್ ಆ ಡೇಟಾವನ್ನು ಹುಟ್ಟಿಸುತ್ತದೆಯೇ, ಓದುತ್ತದೆಯೇ, ತಿದ್ದುತ್ತದೆಯೇ, ಅಳಿಸುತ್ತದೆಯೇ ಎಂದು ಗುರುತು ಹಾಕಿ. ಒಂದೇ ಸಾಲಿನಲ್ಲಿ "ಹುಟ್ಟಿಸುತ್ತದೆ" ಎರಡು ಕಡೆ ಬಂದರೆ, ಅದೇ ಗ್ರಾಹಕರಿಗೆ ಎರಡು ವಿಳಾಸ, ಎರಡು ಬಿಲ್ ಹೋಗುತ್ತಿರುವುದಕ್ಕೆ ಕಾರಣ ಅದು.

ಗುರಿಯ ಸ್ಥಿತಿ ಬರೆದಾದ ಮೇಲೆ ಅಂತರದ ಕೋಷ್ಟಕ. ಇಡೀ ಟೋಗಾಫ್‌ನಲ್ಲಿ ಒಂದೇ ಒಂದು ಸಾಧನ ಕಲಿಯಲು ಸಮಯವಿದ್ದರೆ ಇದನ್ನೇ ಕಲಿಯಿರಿ. ಎಡಗಡೆ ಸಾಲುಗಳಲ್ಲಿ ಈಗಿರುವ ಘಟಕಗಳು, ಮೇಲೆ ಕಂಬಗಳಲ್ಲಿ ಗುರಿಯ ಘಟಕಗಳು. ಬಲತುದಿಯಲ್ಲಿ "ಕೈಬಿಟ್ಟದ್ದು" ಎಂಬ ಕಂಬ, ಕೆಳತುದಿಯಲ್ಲಿ "ಹೊಸದು" ಎಂಬ ಸಾಲು.

ಆರ್ಡರ್ ಪಡೆದು ಸರಕು ತಲುಪಿಸುವ ಕಂಪನಿಯೊಂದನ್ನು ತೆಗೆದುಕೊಳ್ಳಿ. ಈಗಿರುವುದು ಆರ್ಡರ್ ನಮೂದು, ಸಾಲಮಿತಿ ತಪಾಸಣೆ, ದಾಸ್ತಾನು ಹಂಚಿಕೆ, ಬಿಲ್ಲಿಂಗ್. ಗುರಿಯಲ್ಲಿರುವುದು ಆನ್‌ಲೈನ್ ಆರ್ಡರ್, ದಾಸ್ತಾನು ಹಂಚಿಕೆ, ಬಿಲ್ಲಿಂಗ್, ಸಾಗಣೆಯ ಜಾಡು. ಆರ್ಡರ್ ನಮೂದಿಗೆ ಆನ್‌ಲೈನ್ ಆರ್ಡರ್ ಕಂಬದಲ್ಲಿ ಗುರುತು ಬೀಳುತ್ತದೆ. ದಾಸ್ತಾನು, ಬಿಲ್ಲಿಂಗ್ ನೇರವಾಗಿ ಹೊಂದುತ್ತವೆ. ಸಾಗಣೆಯ ಜಾಡು "ಹೊಸದು" ಸಾಲಿಗೆ. ಸಾಲಮಿತಿ ತಪಾಸಣೆಯ ಸಾಲಿನಲ್ಲಿ ಮಾತ್ರ ಒಂದೂ ಗುರುತಿಲ್ಲ. ಹಳೆಯ ತಂತ್ರಾಂಶದಲ್ಲಿ ಅದು ಆರ್ಡರ್ ಪರದೆಯ ಒಳಗೇ ಅಡಗಿತ್ತು, ಬಾಕಿ ಹೆಚ್ಚಿರುವ ಗ್ರಾಹಕರ ಆರ್ಡರನ್ನು ಸದ್ದಿಲ್ಲದೆ ತಡೆಯುತ್ತಿತ್ತು. ಹೊಸದರ ಅಗತ್ಯಗಳನ್ನು ಬರೆದವರಿಗೆ ಅದು ಬೇರೆ ಕೆಲಸವಾಗಿ ಕಾಣಲಿಲ್ಲ. ಈಗ ಎರಡೇ ದಾರಿ. ತಿಳಿದೇ ಬಿಟ್ಟಿದ್ದರೆ "ಕೈಬಿಟ್ಟದ್ದು" ಕಂಬದಲ್ಲಿ ಯಾರು, ಏಕೆ ಎಂದು ಬರೆಯಿರಿ. ಮರೆತು ಬಿಟ್ಟಿದ್ದರೆ ಗುರಿಗೆ ಸೇರಿಸಿ. ಕೋಷ್ಟಕ ಹಾಕದೆ ಮುಂದೆ ಹೋಗಿದ್ದರೆ ಇದು ಗೊತ್ತಾಗುವುದು ಹೊಸ ತಂತ್ರಾಂಶ ಶುರುವಾಗಿ, ವಸೂಲಾಗದ ಬಾಕಿ ಬೆಳೆದ ಮೇಲೆ.

ಘಟಕಗಳ ಪಟ್ಟಿಯನ್ನು ತಂತ್ರಾಂಶದ ಹೆಸರುಗಳಿಂದ ಮಾಡಬೇಡಿ, ಅವು ಮಾಡುವ ಕೆಲಸಗಳಿಂದ ಮಾಡಿ. ಹೆಸರುಗಳಿಂದ ಮಾಡಿದರೆ ಮೇಲಿನ ಸಾಲಮಿತಿಯಂಥದ್ದು ಕೋಷ್ಟಕಕ್ಕೂ ಸಿಗುವುದಿಲ್ಲ.

6. ರೋಡ್‌ಮ್ಯಾಪ್: ಒಂದೊಂದು ನಿಲ್ದಾಣವೂ ನಿಲ್ಲುವಂಥದ್ದಾಗಿರಲಿ

ಈಗಿನ ಸ್ಥಿತಿಯಿಂದ ಗುರಿಗೆ ಒಂದೇ ನೆಗೆತದಲ್ಲಿ ಹೋಗಲಾಗುವುದಿಲ್ಲ. ನಡುವಿನ ನಿಲ್ದಾಣಗಳನ್ನು ಟೋಗಾಫ್ ಟ್ರಾನ್ಸಿಶನ್ ಆರ್ಕಿಟೆಕ್ಚರ್ ಎನ್ನುತ್ತದೆ. ಪ್ರತಿ ನಿಲ್ದಾಣಕ್ಕೂ ಒಂದೇ ಪರೀಕ್ಷೆ: ಹಣ ಇಲ್ಲಿಗೇ ನಿಂತುಹೋದರೆ ಸಂಸ್ಥೆ ಈ ಸ್ಥಿತಿಯಲ್ಲೇ ಎರಡು ವರ್ಷ ನಡೆಯಬಲ್ಲುದೇ? ಇಲ್ಲವೆಂದರೆ ಅದು ನಿಲ್ದಾಣವಲ್ಲ, ಮತ್ತೆ ಬರೆಯಿರಿ. ಅರ್ಧ ಕಟ್ಟಿದ ಸೇತುವೆಯ ಮೇಲೆ ಸಂಸ್ಥೆಯನ್ನು ನಿಲ್ಲಿಸುವ ರೋಡ್‌ಮ್ಯಾಪ್‌ಗಳು ಬಜೆಟ್ ಕಡಿತ ಬಂದ ವರ್ಷವೇ ಕುಸಿಯುತ್ತವೆ.

ನಿಲ್ದಾಣಗಳ ನಡುವೆ ಮೂರರಿಂದ ಆರು ತಿಂಗಳಿರಲಿ. ಹನ್ನೆರಡು ದಾಟಿದರೆ ಅಷ್ಟರಲ್ಲಿ ಪ್ರಾಯೋಜಕರೇ ಬದಲಾಗಿರುತ್ತಾರೆ. ಡೇಟಾ ಶುದ್ಧೀಕರಣ ಯಾವಾಗಲೂ ಮೊದಲ ನಿಲ್ದಾಣಕ್ಕೆ ಬರಲಿ. ಕೊನೆಗೆ ತಳ್ಳಿದರೆ ಹಳೆಯ ಕಸ ಹೊಸ ತಂತ್ರಾಂಶಕ್ಕೆ ಬರುತ್ತದೆ, ಬಳಸುವವರು ಮೊದಲ ವಾರದಲ್ಲೇ ಅದರ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ.

ಹಳತೂ ಹೊಸದೂ ಜತೆಗೆ ಓಡುವ ಅವಧಿಯಲ್ಲಿ ಯಾವ ಡೇಟಾಕ್ಕೆ ಯಾವುದು ಒಡೆಯ ಎಂದು ಪ್ರತಿ ನಿಲ್ದಾಣಕ್ಕೂ ಬರೆದಿಡಿ. ಎರಡೂ ಒಂದೇ ದಾಖಲೆಯನ್ನು ತಿದ್ದತೊಡಗಿದರೆ ಯಾವುದು ಸರಿ ಎಂದು ಹುಡುಕುವ ಕೆಲಸ ಮುಗಿಯುವುದೇ ಇಲ್ಲ. ತಾತ್ಕಾಲಿಕ ಕೊಂಡಿಗಳಿಗೆ ಕಟ್ಟುವ ವೆಚ್ಚದ ಜತೆ ಕೀಳುವ ದಿನಾಂಕವನ್ನೂ ಹಾಕಿ. ದಿನಾಂಕವಿಲ್ಲದ ತಾತ್ಕಾಲಿಕ ಕೊಂಡಿ ಶಾಶ್ವತವಾಗುತ್ತದೆ.

ವೆಚ್ಚದ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇವು: ಎರಡೂ ತಂತ್ರಾಂಶಗಳಿಗೆ ಏಕಕಾಲಕ್ಕೆ ಕಟ್ಟುವ ಪರವಾನಗಿ, ಡೇಟಾ ವರ್ಗಾವಣೆಯ ಪೂರ್ವಾಭ್ಯಾಸ, ತರಬೇತಿಗೆ ಹೋದವರ ಬದಲಿ ಕೆಲಸ, ಹಳೆಯದನ್ನು ಮುಚ್ಚುವ ಖರ್ಚು.

ಸಂಸ್ಥೆ ಬದಲಾವಣೆಗೆ ಸಿದ್ಧವಿದೆಯೇ ಎಂಬ ಪರಿಶೀಲನೆಯೂ ಇಲ್ಲೇ. ಟೋಗಾಫ್ ಇದಕ್ಕೆ ಕೆನಡಾ ಸರ್ಕಾರದ ಬದಲಾವಣೆ ಕಾರ್ಯಕ್ರಮದಿಂದ ವಿಧಾನವನ್ನು ತೆಗೆದುಕೊಂಡಿದೆ. ಸ್ಪಷ್ಟ ಗುರಿ, ಬದಲಾಗುವ ಮನಸ್ಸು, ಹಣ, ನಾಯಕತ್ವ, ಜಾರಿ ಮಾಡುವ ತಾಕತ್ತು ಮುಂತಾದ ಅಂಶಗಳಿಗೆ ಮೂರು ಅಳತೆ ಹಾಕಿ: ಎಷ್ಟು ತುರ್ತು, ಈಗ ಎಷ್ಟು ಸಿದ್ಧ, ಸರಿಪಡಿಸುವುದು ಎಷ್ಟು ಕಷ್ಟ. ತುರ್ತು ಹೆಚ್ಚಿದ್ದು ಸಿದ್ಧತೆ ಕಡಿಮೆಯಿರುವ ಅಂಶವನ್ನು ರೋಡ್‌ಮ್ಯಾಪ್‌ನಲ್ಲಿ ಬೇರೆಯೇ ಕೆಲಸವಾಗಿ ಸೇರಿಸಿ, ಹೊಣೆಗಾರರ ಹೆಸರು ಹಾಕಿ.

7. ಜಾರಿಯ ಹೊತ್ತಿನ ಆಡಳಿತ

ಆರ್ಕಿಟೆಕ್ಚರ್ ಮಂಡಳಿಯಲ್ಲಿ ನಾಲ್ಕೈದು ಜನ ಸಾಕು, ಎಂದಿಗೂ ಹತ್ತು ದಾಟಬಾರದು. ಎರಡು ವಾರಕ್ಕೊಮ್ಮೆ ಸಭೆ, ಕೇಳಿದ ಪ್ರಶ್ನೆಗೆ ಐದು ಕೆಲಸದ ದಿನಗಳೊಳಗೆ ಉತ್ತರ. ತಡ ಮಾಡುವ ಮಂಡಳಿಗಾಗಿ ತಂಡಗಳು ಕಾಯುವುದಿಲ್ಲ, ಸುತ್ತು ಹಾಕಿ ದಾಟಿಹೋಗುತ್ತವೆ.

ತಪಾಸಣೆ ಮೂರು ಕಡೆ: ಖರೀದಿ ಕರಾರಿಗೆ ಸಹಿ ಬೀಳುವ ಮುಂಚೆ, ವಿನ್ಯಾಸ ಮುಗಿದಾಗ, ಚಾಲನೆಗೆ ಬಿಡುವ ಮುಂಚೆ. ಮೊದಲನೆಯದು ತಪ್ಪಿದರೆ ಉಳಿದೆರಡಕ್ಕೆ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಖರೀದಿ ವಿಭಾಗದ ನಮೂನೆಯಲ್ಲೇ ಮಂಡಳಿಯ ಒಪ್ಪಿಗೆಗೆ ಒಂದು ಜಾಗ ಮಾಡಿಸಿ.

ವಿನಾಯಿತಿ ಕೇಳಿದವರಿಗೆ ಕೊಡಿ, ಮುಗಿಯುವ ದಿನಾಂಕದೊಡನೆ ಕೊಡಿ. ಪ್ರತಿ ದೊಡ್ಡ ನಿರ್ಧಾರವನ್ನೂ ಒಂದೇ ಪುಟದಲ್ಲಿ ದಾಖಲಿಸಿ: ಸಂದರ್ಭ, ನಿರ್ಧಾರ, ಸ್ಥಿತಿ, ಪರಿಣಾಮ. 2011ರಲ್ಲಿ ತಂತ್ರಾಂಶ ತಜ್ಞ ಮೈಕಲ್ ನೈಗಾರ್ಡ್ ಹೇಳಿಕೊಟ್ಟ ಈ ರೂಪ ತಂತ್ರಾಂಶ ತಂಡಗಳಲ್ಲಿ ಚೆನ್ನಾಗಿ ಬೇರೂರಿದೆ. ತಳ್ಳಿಹಾಕಿದ ಆಯ್ಕೆಗಳನ್ನೂ ಕಾರಣಸಹಿತ ಬರೆಯಿರಿ, ಹೊಸ ಮುಖ್ಯಸ್ಥರು ಬಂದಾಗ ಅದೇ ಚರ್ಚೆ ಮರುಕಳಿಸುವುದು ತಪ್ಪುತ್ತದೆ.

ತಂಡಗಳ ರಚನೆಯನ್ನೂ ನೋಡಿ. ಸಂಸ್ಥೆಯೊಳಗಿನ ಸಂಪರ್ಕದ ರೂಪವೇ ಅದು ಕಟ್ಟುವ ವ್ಯವಸ್ಥೆಗೂ ಬರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಗುರಿಯ ಚಿತ್ರದಲ್ಲಿ ಗ್ರಾಹಕ ಸೇವೆಗೆ ಒಂದೇ ವ್ಯವಸ್ಥೆ ಇದ್ದು, ಅದನ್ನು ಕಟ್ಟುವವರು ಮೂರು ಬೇರೆ ಮುಖ್ಯಸ್ಥರ ಕೆಳಗಿದ್ದರೆ ಕೊನೆಗೆ ಬರುವುದು ಮೂರು ವ್ಯವಸ್ಥೆ. ತಂಡ ಬದಲಿಸುವ ಅಧಿಕಾರ ಆರ್ಕಿಟೆಕ್ಟ್‌ಗೆ ಇರುವುದಿಲ್ಲ. ಇದನ್ನು ಪ್ರಾಯೋಜಕರ ಮುಂದಿಡುವ ಹೊಣೆ ಇದೆ.

8. ಮುಚ್ಚುವುದು, ಮತ್ತೆ ತೆರೆಯುವುದು

ಎಷ್ಟು ಚಿತ್ರ ಬರೆದಿರಿ ಎಂಬುದನ್ನು ಅಳೆಯಬೇಡಿ. ಎಷ್ಟು ಅಪ್ಲಿಕೇಶನ್ ನಿಂತವು, ಗ್ರಾಹಕರ ದಾಖಲೆ ಹುಟ್ಟುವ ಜಾಗಗಳು ಎಷ್ಟರಿಂದ ಎಷ್ಟಕ್ಕೆ ಇಳಿದವು, ಒಂದನೆಯ ಹಂತದ ನಿರ್ಧಾರಗಳಲ್ಲಿ ಎಷ್ಟು ದಿನಾಂಕದೊಳಗೆ ಆದವು: ಮೂರು ತಿಂಗಳಿಗೊಮ್ಮೆ ಈ ಮೂರನ್ನು ಮೇಲಿನವರಿಗೆ ಕೊಡಿ.

ನಕ್ಷೆಯನ್ನು ಮತ್ತೆ ತೆರೆಯಬೇಕಾದ ಸಂದರ್ಭಗಳನ್ನು ಮೊದಲೇ ಪಟ್ಟಿ ಮಾಡಿ: ಸಂಸ್ಥೆಗಳ ವಿಲೀನ, ಹೊಸ ಕಾನೂನು, ಪ್ರಮುಖ ತಂತ್ರಾಂಶಕ್ಕೆ ತಯಾರಕರ ಬೆಂಬಲ ನಿಲ್ಲುವ ಘೋಷಣೆ, ಎರಡನೆಯ ಹಂತದ ಉತ್ತರ ಬದಲಾಗುವುದು. ಇವು ಬಂದಾಗ ಎಡಿಎಂನ ಮೊದಲ ಹಂತಕ್ಕೆ ಹೋಗಬೇಕೇ, ಚಿಕ್ಕ ತಿದ್ದುಪಡಿ ಸಾಕೇ ಎಂದು ಮಂಡಳಿ ತೀರ್ಮಾನಿಸುತ್ತದೆ.

ಹಳೆಯ ತಂತ್ರಾಂಶವನ್ನು ಮುಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಬರೆಯುವ ಅನುಮತಿ ತೆಗೆದು ಓದಲು ಮಾತ್ರ ಬಿಡಿ. ತ್ರೈಮಾಸಿಕ ಲೆಕ್ಕ ಒಮ್ಮೆ, ವರ್ಷಾಂತ್ಯದ ಲೆಕ್ಕ ಒಮ್ಮೆ ಮುಗಿಯುವವರೆಗೆ ಕಾಯಿರಿ, ಅಡಗಿದ್ದ ಬಳಕೆದಾರರು ಆಗ ಹೊರಬರುತ್ತಾರೆ. ಕಾನೂನಿನ ಪ್ರಕಾರ ಇಡಬೇಕಾದ ದಾಖಲೆಗಳನ್ನು ಬೇರೆಡೆ ತೆಗೆದಿಟ್ಟು, ತೆಗೆದಿಟ್ಟದ್ದನ್ನು ಓದಲಾಗುತ್ತದೆಯೇ ಎಂದು ಪರೀಕ್ಷಿಸಿ. ಆಮೇಲೆ ಕೊಂಡಿಗಳನ್ನು ಕೀಳಿ, ಬಳಕೆದಾರರ ಖಾತೆ ಮುಚ್ಚಿ, ಪರವಾನಗಿ ರದ್ದು ಮಾಡಿ. ಆ ತಂತ್ರಾಂಶದ ಬಿಲ್ ಹಣಕಾಸು ವಿಭಾಗಕ್ಕೆ ಬರುವುದು ನಿಂತ ತಿಂಗಳನ್ನೇ ಕೆಲಸ ಮುಗಿದ ದಿನಾಂಕವೆಂದು ಪಟ್ಟಿಯಲ್ಲಿ ನಮೂದಿಸಿ.